ಸಂತೇಬೆನ್ನೂರಿನಲ್ಲಿ ಹಳೆಯ ಮನೆ, ಅಡಿಕೆ ತೋಟ: ಮುಂಗಡ ಕೊಡುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ದಾವಣಗೆರೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ನಾನು ಮತ್ತು ನನ್ನ ಯಜಮಾನರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ನೆಲೆಸಬೇಕೆಂದಿದ್ದೇವೆ. ಪುಷ್ಕರಣಿಯಿಂದ ಕೂಗಳತೆಯಲ್ಲಿರುವ ಹಳೆಯ ಮಾಳಿಗೆ ಮನೆ (ಮಣ್ಣಿನ ಚಪ್ಪಟೆ ಚಾವಣಿಯದು) ಮತ್ತು ಊರಾಚೆಯ 2 ಎಕರೆ 20 ಗುಂಟೆ ಅಡಿಕೆ ತೋಟ ಒಂದೇ ಕುಟುಂಬದಿಂದ ಮಾರಾಟಕ್ಕಿವೆ. ಮನೆಯನ್ನು ಕೆಡವಿ ಮಹಡಿ ಮನೆ ಕಟ್ಟಿಸುವ ಆಸೆ ನಮ್ಮದು. ಪಹಣಿ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದೆ. ಮೂವರು ಗಂಡುಮಕ್ಕಳಲ್ಲಿ ಹಿರಿಯವರು ಮಾತುಕತೆ ನಡೆಸುತ್ತಿದ್ದಾರೆ. ಇಬ್ಬರು ಹೆಣ್ಣುಮಕ್ಕಳು ತಮ್ಮ ಪಾಲನ್ನು ಅರಿಶಿನ-ಕುಂಕುಮಕ್ಕೆಂದು ಬಿಟ್ಟುಕೊಟ್ಟಿದ್ದಾರಂತೆ. ನಾವು ಕೃಷಿಕರಲ್ಲದ ಕಾರಣ ಸದ್ಯಕ್ಕೆ ಕರಾರು ಪತ್ರ ಮತ್ತು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಂಡರೆ ಸಾಕೆಂದು ದಲ್ಲಾಳಿ ಹೇಳುತ್ತಾರೆ. ನಾವು ಏನೇನು ನೋಡಬೇಕು? ಮುಂಗಡ ಎಷ್ಟು ಕೊಡಬಹುದು?

ಉತ್ತರ: ನೀವು ಒಂದೇ ವ್ಯವಹಾರವೆಂದು ಬರೆದಿರುವುದು ಕಾನೂನಿನ ಲೆಕ್ಕದಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು. ಮನೆ ಪಂಚಾಯಿತಿಯ ಖಾತೆಗೆ ಸೇರಿದ್ದು, ತೋಟ ಕಂದಾಯ ಇಲಾಖೆಯ ಪಹಣಿಗೆ ಸೇರಿದ್ದು. ಒಂದರ ಕಾಗದ ಸರಿಯಿದ್ದ ಮಾತ್ರಕ್ಕೆ ಇನ್ನೊಂದರದ್ದೂ ಸರಿಯಿದೆ ಎಂದು ತಿಳಿಯಬಾರದು. ಮಾರುವವರು ಎರಡನ್ನೂ ಸೇರಿಸಿ ಒಂದೇ ಬೆಲೆ ಹೇಳಿದ್ದರೆ ಮೊದಲು ಅದನ್ನು ಬಿಡಿಸಿ, ಮನೆಗೆ ಇಷ್ಟು, ತೋಟಕ್ಕೆ ಇಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಒಂದು ಕೈಬಿಟ್ಟು ಹೋದರೆ ಇನ್ನೊಂದನ್ನು ಉಳಿಸಿಕೊಳ್ಳುವ ದಾರಿ ಆಗ ತೆರೆದಿರುತ್ತದೆ. ನಿಮ್ಮ ಪತ್ರವನ್ನು ಓದಿದ ಮೇಲೆ, ಮನೆಯನ್ನು ನೀವು ಕೈಬಿಡಬೇಕಾಗಿ ಬರಬಹುದು ಎಂಬುದೇ ನನ್ನ ಅನಿಸಿಕೆ. ಅದಕ್ಕೆ ಕಾರಣ ಮಾರುವವರಲ್ಲ, ಪುಷ್ಕರಣಿ.

ಸಂತೇಬೆನ್ನೂರಿನ ಹೊಂಡ, ಅಂದರೆ ಆ ಪುಷ್ಕರಣಿ, ಮತ್ತು ಅದರ ಎದುರಿನ ಮುಸಾಫಿರಖಾನೆ ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಪಾಳೆಯಗಾರರ ಕಾಲದ ಆ ಹೊಂಡದ ನಡುವಿನ ಮಂಟಪವನ್ನು ನೋಡಲು ದಾವಣಗೆರೆಯಿಂದ ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಬಹುಶಃ ನೀವೂ ಹೋಗಿರುತ್ತೀರಿ. ಆದರೆ ಅದರ ನೆರೆಯಲ್ಲಿ ಮನೆ ಕೊಳ್ಳುವವರಿಗೆ ಮುಖ್ಯವಾಗುವುದು 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆ. ಅದರಂತೆ ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್‌ವರೆಗಿನ ಜಾಗ ನಿಷೇಧಿತ ಪ್ರದೇಶ. ಅಲ್ಲಿಂದಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಹೊಂಡದ ನೀರಿನಿಂದಲೂ ಅಲ್ಲ, ನಡುವಿನ ಮಂಟಪದಿಂದಲೂ ಅಲ್ಲ, ಇಲಾಖೆಯ ನಕ್ಷೆಯಲ್ಲಿ ಗುರುತಿಸಿದ ಸಂರಕ್ಷಿತ ಗಡಿಯಿಂದ. ಸ್ಮಾರಕಗಳು ಎರಡಿರುವಾಗ ಎರಡರ ಗಡಿಯಿಂದಲೂ ಅಳೆಯಬೇಕು. "ಕೂಗಳತೆ" ಎಂದು ನೀವು ಬರೆದಿರುವ ದೂರ 90 ಮೀಟರ್ ಇರಬಹುದು, 140 ಮೀಟರ್ ಇರಬಹುದು. ಆ ಐವತ್ತು ಮೀಟರಿನ ವ್ಯತ್ಯಾಸದಲ್ಲಿ ನಿಮ್ಮ ಮಹಡಿ ಮನೆಯ ಆಸೆ ನಿಂತಿದೆ.

ಮನೆ ನಿಷೇಧಿತ ಪ್ರದೇಶದೊಳಗೆ ಬಂದರೆ ಹೊಸದಾಗಿ ಕಟ್ಟುವಂತಿಲ್ಲ. ಹಳೆಯದನ್ನು ಕೆಡವಿ ಅದೇ ತಳಪಾಯದ ಮೇಲೆ ಕಟ್ಟುವುದಕ್ಕೂ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವಾದರೆ ದುರಸ್ತಿ ಮತ್ತು ನವೀಕರಣಕ್ಕೆ ಮಾತ್ರ ಅನುಮತಿ ಕೇಳಬಹುದು. ನೀವು ನೋಡಿರುವ ಮಾಳಿಗೆ ಮನೆ ಅದಕ್ಕಿಂತ ಹಳೆಯದೆಂಬುದು ಕಣ್ಣಿಗೆ ಕಂಡರೂ ಕಾಗದದಲ್ಲಿ ತೋರಿಸಬೇಕಾಗುತ್ತದೆ; ಆದ್ದರಿಂದ ಹಳೆಯ ಕಂದಾಯದ ರಸೀದಿ, ಪಂಚಾಯಿತಿಯ ತೆರಿಗೆ ವಹಿಯ ನಕಲು, ವಿದ್ಯುತ್ ಸಂಪರ್ಕದ ಹಳೆಯ ಬಿಲ್ಲು, ಇವುಗಳಲ್ಲಿ ಯಾವುದಿದ್ದರೂ ಮಾರುವವರಿಂದ ಪಡೆದು ಜೋಪಾನವಾಗಿಡಿ. ನಿಯಂತ್ರಿತ ಪ್ರದೇಶದಲ್ಲಿದ್ದರೆ ಹೊಸ ಮನೆಗೆ ಅರ್ಜಿ ಹಾಕಬಹುದು. ಅರ್ಜಿ ಸಕ್ಷಮ ಪ್ರಾಧಿಕಾರಿಯ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ, ಎತ್ತರದ ಮೇಲೆ ಮಿತಿ ಹಾಕುವ ಅಧಿಕಾರ ಅದಕ್ಕಿದೆ. ಪಂಚಾಯಿತಿಯ ಪರವಾನಗಿ ಒಂದೇ ಸಾಲದು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆ ಅವಕಾಶ ಕೊಡುತ್ತದೆ. "ಪಕ್ಕದವರು ಕಟ್ಟಿದ್ದಾರಲ್ಲ" ಎಂಬ ಮಾತನ್ನು ದಲ್ಲಾಳಿಗಳು ಖಂಡಿತ ಹೇಳುತ್ತಾರೆ. ಪಕ್ಕದವರು ಯಾವ ವರ್ಷ ಕಟ್ಟಿದರು, ಅವರಿಗೆ ನೋಟಿಸು ಬಂದಿದೆಯೇ ಇಲ್ಲವೇ ಎಂಬುದು ನಿಮಗೆ ತಿಳಿಯದು. ಆ ಮಾತಿನ ಮೇಲೆ ನಿವೃತ್ತಿಯ ಹಣವನ್ನು ಸುರಿಯಬೇಡಿ.

ಇದೇ ಮಾತು ಚಿತ್ರದುರ್ಗದ ಕೋಟೆಯ ಸುತ್ತ, ಹರಿಹರದ ಹರಿಹರೇಶ್ವರ ದೇವಸ್ಥಾನದ ಸುತ್ತ ಮನೆ ನೋಡುತ್ತಿರುವವರಿಗೂ ಅನ್ವಯಿಸುತ್ತದೆ.

ಹಾಗಾದರೆ ಮನೆಯನ್ನು ಕೊಳ್ಳಲೇಬಾರದೇ? ಇದ್ದ ಮನೆಯನ್ನೇ ಇದ್ದಂತೆ ಉಳಿಸಿಕೊಂಡು ವಾಸ ಮಾಡುವ ಮನಸ್ಸಿದ್ದರೆ ಕೊಳ್ಳಬಹುದು, ಮತ್ತು ನಿಜ ಹೇಳಬೇಕೆಂದರೆ ನನಗೆ ಅದೇ ಇಷ್ಟ. ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಕೊಡುವ ತಂಪನ್ನು ಆರ್‌ಸಿಸಿ ಮನೆ ಕೊಡುವುದಿಲ್ಲ. ಆದರೆ ಆಗ ಮನೆಯ ಮೈಯನ್ನು ಬೇರೆ ಕಣ್ಣಿನಿಂದ ನೋಡಬೇಕು. ಮಳೆಗಾಲದಲ್ಲಿ ಒಮ್ಮೆ ಒಳಗೆ ಹೋಗಿ, ತೊಲೆಗಳ ತುದಿ ಗೋಡೆಯೊಳಗೆ ಸೇರುವ ಕಡೆ ಬೆರಳಿನಿಂದ ಒತ್ತಿ ನೋಡಿ. ಗೆದ್ದಲು ಹಿಡಿದಿದ್ದರೆ ಅಲ್ಲಿಯೇ ಮೊದಲು ಪುಡಿ ಉದುರುತ್ತದೆ. ಅಂಕಣ (ಕಂಬಗಳ ನಡುವಿನ ಭಾಗ) ಎಷ್ಟಿವೆ, ಯಾವ ಗೋಡೆ ನಿಮ್ಮದು, ಯಾವುದು ನೆರೆಯವರೊಂದಿಗೆ ಜಂಟಿ ಎಂದು ಕೇಳಿ. ಹಳೆಯ ಓಣಿಗಳಲ್ಲಿ ಎರಡು ಮನೆಗಳ ತೊಲೆಗಳು ಒಂದೇ ಗೋಡೆಯ ಮೇಲೆ ಕೂತಿರುವುದು ಸಾಮಾನ್ಯ, ಅದನ್ನು ಕ್ರಯಪತ್ರದಲ್ಲಿ ಬರೆಯದೆ ಬಿಟ್ಟರೆ ಮುಂದೆ ಗೋಡೆ ಕುಸಿದಾಗ ಜಗಳ ಹುಟ್ಟುತ್ತದೆ. ಇನ್ನೊಂದು, ಅಂಗಳದಲ್ಲಿ ಹಗೇವು ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಜೋಳ, ರಾಗಿ ತುಂಬಿಡುತ್ತಿದ್ದ ಆ ನೆಲದಡಿಯ ಕಣಜಗಳ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಹರಡಿರುತ್ತಾರೆ; ಒಳಗೆ ಟೊಳ್ಳು ಹಾಗೆಯೇ ಇರುತ್ತದೆ. ನನ್ನ ಕಕ್ಷಿದಾರರೊಬ್ಬರು ಹಳೆಯ ಮನೆಯೊಂದನ್ನು ಕೊಂಡ ಮೊದಲ ಮಳೆಗಾಲದಲ್ಲಿಯೇ ಜಗಲಿಯ ಮುಂದಿನ ನೆಲ ಕುಸಿದು, ನಿಲ್ಲಿಸಿದ್ದ ಬೈಕಿನ ಹಿಂದಿನ ಗಾಲಿ ಅರ್ಧ ಒಳಗಿಳಿದಿತ್ತು.

ಮನೆಯ ಕಾಗದದ ವಿಷಯ ಚಿಕ್ಕದು. ಗ್ರಾಮಠಾಣಾದೊಳಗಿನ (ಊರಿನ ವಾಸದ ಪ್ರದೇಶದೊಳಗಿನ) ಮನೆಗೆ ಪಂಚಾಯಿತಿಯಿಂದ ಇ-ಸ್ವತ್ತು ತಂತ್ರಾಂಶದಲ್ಲಿ ಬರುವ ನಮೂನೆ 9 ಮತ್ತು 11 ಇರಬೇಕು, ಅದರಲ್ಲಿನ ಅಳತೆ ನೆಲದ ಮೇಲಿನ ಅಳತೆಗೆ ಹೊಂದಬೇಕು. ಟೇಪು ಹಿಡಿದು ನೀವೇ ಅಳೆಯಿರಿ. ಖಾತೆ ತೀರಿಹೋದವರ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಹೊಂಡದ ಸುತ್ತಮುತ್ತ ದೇವಸ್ಥಾನ, ಮಠ, ವಕ್ಫ್ ಸಂಸ್ಥೆಗಳಿಗೆ ಸೇರಿದ ಜಾಗಗಳೂ ಇರುವುದು ಇಂಥ ಹಳೆಯ ಊರುಗಳ ಲಕ್ಷಣ. ಮುಜರಾಯಿ ಮತ್ತು ವಕ್ಫ್ ಆಸ್ತಿಗಳ ಪಟ್ಟಿಗಳನ್ನು ನೋಡಿ ನಿಮ್ಮ ಸ್ವತ್ತು ಅವುಗಳಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನು ತೋಟ. ದಲ್ಲಾಳಿಯ ಮಾತಿನಲ್ಲಿ ಮೊದಲು ತಿದ್ದಬೇಕಾದದ್ದು ನೀವು ಕೃಷಿಕರಲ್ಲ ಎಂಬ ನೆಪ. ಕೃಷಿಕರಲ್ಲದವರು, ಹಾಗೆಯೇ ಕೃಷಿಯೇತರ ವಾರ್ಷಿಕ ಆದಾಯ 25 ಲಕ್ಷ ರೂಪಾಯಿ ಮೀರಿದವರು ಜಮೀನು ಕೊಳ್ಳುವಂತಿಲ್ಲ ಎಂಬ ನಿರ್ಬಂಧ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ ಇದ್ದದ್ದು ನಿಜ; 79ಎ ಮತ್ತು 79ಬಿ ಕಲಮುಗಳೆಂದು ಹೆಸರಾಗಿದ್ದ ಅವನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ನೀವು ನಿಮ್ಮ ಹೆಸರಿಗೇ ನೇರವಾಗಿ ಕ್ರಯ ಮಾಡಿಸಿಕೊಳ್ಳಬಹುದು. ಹಿಡುವಳಿಯ ಗರಿಷ್ಠ ಮಿತಿ ಮುಂದುವರಿದಿದೆ, ಎರಡೂವರೆ ಎಕರೆಗೆ ಅದರ ಚಿಂತೆಯಿಲ್ಲ. ಹೀಗಿರುವಾಗ ಕರಾರು ಪತ್ರ ಮತ್ತು ಜಿಪಿಎ ಸಾಕೆಂದು ಹೇಳುವವರು ಬೇರೆ ಏನನ್ನೋ ಮರೆಮಾಡುತ್ತಿರುವ ಸಂಭವವೇ ಹೆಚ್ಚು. ಹೆಣ್ಣುಮಕ್ಕಳ ಸಹಿ ಸಿಗದಿರುವುದು ಅಥವಾ ಪಹಣಿ ತಿದ್ದಲಾಗದಿರುವುದು ಇದಕ್ಕೆ ಕಾರಣವಾಗಿರಬಹುದು. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯ ಅಧಿಕಾರ ಪತ್ರಕ್ಕೆ ಬೆಲೆಯೂ ಇರುವುದಿಲ್ಲ.

ಅರಿಶಿನ-ಕುಂಕುಮದ ಮಾತಿಗೆ ಬರುತ್ತೇನೆ. ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಬಾಗಿಲು ತೆರೆದಿರಲಿ ಎಂಬ ಒಂದೇ ಕಾರಣಕ್ಕೆ ಪಾಲಿನ ಮಾತೆತ್ತದೆ ಸುಮ್ಮನಿರುವುದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ, ಆ ಮೌನವನ್ನು ಅಣ್ಣತಮ್ಮಂದಿರು ಒಪ್ಪಿಗೆಯೆಂದು ಬಗೆಯುವುದನ್ನೂ ನೋಡುತ್ತಿದ್ದೇನೆ. ಕಾನೂನು ಅದನ್ನು ಒಪ್ಪಿಗೆಯೆಂದು ಬಗೆಯುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಕರ್ನಾಟಕವು 1994ರಲ್ಲಿಯೇ ತನ್ನದೇ ತಿದ್ದುಪಡಿ ತಂದು ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ವಿಭಾಗ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಪಾಲಾಗಿದ್ದರೆ ಮಾತ್ರ ಅದನ್ನು ಅಲುಗಾಡಿಸಲಾಗದು. ಬಾಯಿಮಾತಿನ ಪಾಲನ್ನು ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ. ತೋಟ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೂ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿನ ವಾರಸುದಾರರು. ತಾಯಿ ಇದ್ದಾರೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅವರ ಸಹಿ ಎಲ್ಲರದ್ದಕ್ಕಿಂತ ಮೊದಲು ಬೇಕು.

ಆದ್ದರಿಂದ ನಾಡಕಚೇರಿಯಿಂದ ಪಡೆದ ವಂಶವೃಕ್ಷವನ್ನು ಮುಂದಿಟ್ಟುಕೊಂಡು ಅದರಲ್ಲಿರುವ ಪ್ರತಿಯೊಬ್ಬರನ್ನೂ ಎಣಿಸಿ. ಮೊದಲು ಪೌತಿ ಖಾತೆಯಾಗಿ ಎಲ್ಲ ವಾರಸುದಾರರ ಹೆಸರೂ ಪಹಣಿಗೆ ಬರಲಿ. ಆಮೇಲೆ ಒಂದೋ ಹೆಣ್ಣುಮಕ್ಕಳು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ, ಇಲ್ಲವೇ ಎಲ್ಲರೂ ಸೇರಿ ನಿಮಗೆ ಕ್ರಯಪತ್ರ ಬರೆದುಕೊಡಲಿ. ನಾನು ಎರಡನೆಯದನ್ನೇ ಸಲಹೆ ಮಾಡುತ್ತೇನೆ, ಏಕೆಂದರೆ ಅಲ್ಲಿ ಹೆಣ್ಣುಮಕ್ಕಳ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೇ ಹೋಗಿದೆ ಎಂಬುದು ಪತ್ರದಲ್ಲಿ ದಾಖಲಾಗುತ್ತದೆ. ಹತ್ತು ವರ್ಷದ ನಂತರ ಅವರ ಮಕ್ಕಳು ದಾವಾ ಹಾಕಿದರೂ ನಿಮ್ಮ ಕೈಯಲ್ಲಿ ಉತ್ತರವಿರುತ್ತದೆ. ಜೊತೆಗೆ, ನಿಮ್ಮಿಂದ ಹಣ ಪಡೆಯುವ ಆ ಇಬ್ಬರು ಹೆಂಗಸರಿಗೆ ಅದು ಅವರ ಜೀವನದಲ್ಲಿ ಸ್ವಂತ ಹೆಸರಿಗೆ ಬಂದ ಮೊದಲ ದೊಡ್ಡ ಮೊತ್ತವಾಗಿರಲೂಬಹುದು. ಪಿತ್ರಾರ್ಜಿತವಾಗಿದ್ದರೆ ಗಂಡುಮಕ್ಕಳ ಮಕ್ಕಳಿಗೂ ಹುಟ್ಟಿನಿಂದ ಹಕ್ಕಿರುತ್ತದೆ. ವಯಸ್ಕರಾದವರ ಸಹಿ ಹಾಕಿಸಿ. ಅಪ್ರಾಪ್ತರಿದ್ದರೆ ಅವರ ಪಾಲಿನ ವಿಷಯದಲ್ಲಿ ನ್ಯಾಯಾಲಯದ ಅನುಮತಿ ಬೇಕೇ ಎಂಬುದನ್ನು ನಿಮ್ಮ ವಕೀಲರಿಂದ ಬರವಣಿಗೆಯಲ್ಲಿ ಪಡೆಯಿರಿ.

ಜಮೀನು ಆ ಕುಟುಂಬಕ್ಕೆ ಹೇಗೆ ಬಂತು ಎಂಬುದು ಮುಂದಿನ ಪ್ರಶ್ನೆ, ನನ್ನ ಅನುಭವದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗವೂ ಇದೇ. ಗಣಕೀಕೃತ ಪಹಣಿ ಭೂಮಿ ಯೋಜನೆಯ ಜೊತೆಗೆ 2000ದ ಸುಮಾರಿಗೆ ಬಂದದ್ದು. ಅದಕ್ಕಿಂತ ಹಿಂದಿನದಕ್ಕೆ ಕೈಬರಹದ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ವಹಿ, ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ವಹಿಗಳ ನಕಲುಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಪಡೆಯಬೇಕು. ಹಳೆಯ ಕಾಗದಗಳಲ್ಲಿ ಶಿವಮೊಗ್ಗ ಜಿಲ್ಲೆ ಎಂದು ಕಂಡರೆ ಗಾಬರಿಯಾಗಬೇಡಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ, ಅಲ್ಲಿಯವರೆಗೆ ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು. ಆ ವಹಿಗಳಲ್ಲಿ ನೀವು ಹುಡುಕಬೇಕಾದ ಪದಗಳು ಕೆಲವೇ ಇವೆ: ಮಂಜೂರಾತಿ, ಸಾಗುವಳಿ ಚೀಟಿ, ಇನಾಂ, ಭೂನ್ಯಾಯ ಮಂಡಳಿ.

ಸರ್ಕಾರ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಜಮೀನು ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. ಜಮೀನು ನಡುವೆ ಎಷ್ಟು ಕೈ ಬದಲಾಗಿದ್ದರೂ ಮೂಲ ಮಂಜೂರಾತಿದಾರರ ವಾರಸುದಾರರು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಮರಳಿ ಪಡೆಯಬಹುದು. ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕುತ್ತಿದ್ದ ಕಾಲವೊಂದಿತ್ತು. 2023ರ ತಿದ್ದುಪಡಿಯು ಇದಕ್ಕೆ ಕಾಲಮಿತಿ ಇಲ್ಲವೆಂದು ಕಾಯ್ದೆಯಲ್ಲಿಯೇ ಸೇರಿಸಿದೆ. ಬಗರ್‌ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ) ಸಾಗುವಳಿಯಿಂದ ಮಂಜೂರಾದ ಜಮೀನಿಗೆ ನಿಗದಿತ ವರ್ಷಗಳವರೆಗೆ ಪರಭಾರೆ ನಿಷೇಧವಿರುತ್ತದೆ. ಎಷ್ಟು ವರ್ಷ ಎಂಬುದನ್ನು ಸಾಗುವಳಿ ಚೀಟಿಯ ಷರತ್ತಿನಲ್ಲಿಯೇ ಓದಿಕೊಳ್ಳಿ. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಬಿಟ್ಟಿದ್ದ ಇನಾಂ ಜಮೀನುಗಳಿಗೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ಷರತ್ತುಗಳಿವೆ. ಕೆರೆಯಿರುವ ಊರುಗಳಲ್ಲಿ ನೀರಗಂಟಿಯ ಜಮೀನು ಬಹುತೇಕ ಕೆರೆಯ ಹಿಂದೆಯೇ, ಒಳ್ಳೆಯ ನೀರಿನ ಜಾಗದಲ್ಲೇ ಇರುತ್ತದೆ, ಹಾಗಾಗಿ ಕೊಳ್ಳುವವರ ಕಣ್ಣಿಗೂ ಅದೇ ಮೊದಲು ಬೀಳುತ್ತದೆ. ಗೇಣಿದಾರರಾಗಿದ್ದು ಫಾರಂ 7ರ ಅರ್ಜಿ ಹಾಕಿ ಪಡೆದ ಜಮೀನಾದರೆ ಭೂನ್ಯಾಯ ಮಂಡಳಿಯ ಆದೇಶ ಮತ್ತು ಫಾರಂ 10 (ಅಧಿಭೋಗದ ಹಕ್ಕಿನ ಪ್ರಮಾಣಪತ್ರ) ಎರಡರ ದೃಢೀಕೃತ ನಕಲೂ ಇರಬೇಕು.

ಪಹಣಿಯನ್ನೇ ಕೈಗೆ ತೆಗೆದುಕೊಂಡಾಗ 9ನೇ ಅಂಕಣದ ಹೆಸರನ್ನು ಮಾತ್ರ ನೋಡಿ ಬಿಡಬೇಡಿ. 11ನೇ ಅಂಕಣದಲ್ಲಿ ಸೊಸೈಟಿ, ಪಿಎಲ್‌ಡಿ ಬ್ಯಾಂಕು, ಇತರ ಬ್ಯಾಂಕುಗಳ ಬೆಳೆಸಾಲದ ಋಣ ಬರೆದಿರುತ್ತದೆ. ಋಣಭಾರ ಪತ್ರದಲ್ಲಿ (ಇಸಿ) ಕಾಣದ ಸಾಲ ಇಲ್ಲಿ ಕಾಣುವುದುಂಟು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲಿ ಕೂತು ತೆಗೆಯುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದೀಚೆಗಿನದು ಮಾತ್ರ. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಕನಿಷ್ಠ 30 ವರ್ಷದ್ದನ್ನು ತೆಗೆಸಿ. ಸರ್ವೆ ನಂಬರಿನ ಮುಂದೆ "ಪೈಕಿ" ಎಂದೋ "ಪಿ" ಎಂದೋ ಇದ್ದರೆ ಪೋಡಿಯಾಗಿಲ್ಲ, ಅಂದರೆ ಅಳೆದು ಪ್ರತ್ಯೇಕ ನಂಬರು ಕೊಟ್ಟಿಲ್ಲ ಎಂದರ್ಥ. ಆ ನಂಬರಿನ ಎಲ್ಲ ಪಹಣಿಗಳ ವಿಸ್ತೀರ್ಣವನ್ನು ಕೂಡಿಸಿ ಸರ್ವೆ ಇಲಾಖೆಯ ಮೂಲ ದಾಖಲೆಯಾದ ಆಕಾರ್‌ಬಂದ್‌ನ ಒಟ್ಟು ವಿಸ್ತೀರ್ಣದೊಂದಿಗೆ ಹೋಲಿಸಿ. ಕೂಡಿಸಿದ ಮೊತ್ತ ಹೆಚ್ಚು ಬಂದರೆ ಯಾರದೋ ಜಮೀನು ಕಾಗದದಲ್ಲಿ ಮಾತ್ರ ಇದೆ, ಅದು ನಿಮ್ಮದೇ ಆಗಿರಬಹುದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇಲ್ಲದೆ ನೋಂದಣಿಯಾಗದು. ಖರಾಬಿನ ಅಂಕಣವನ್ನೂ ನೋಡಿ: "ಅ" ಖರಾಬು ಕಲ್ಲು, ಗುಂಡಿಯಂಥ ಸಾಗುವಳಿಗೆ ಬಾರದ ನೆಲ, ಹಿಡುವಳಿಯೊಂದಿಗೆ ಬರುತ್ತದೆ; "ಬ" ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ, ಅದಕ್ಕೆ ಹಣ ಕೊಡಬೇಡಿ.

ಕಾಗದ ಸರಿಯಿದ್ದರೂ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್ ಎದುರಿನಲ್ಲಿ ಗಡಿ ಅಳೆಸಿ. ಕೆಲವು ವರ್ಷಗಳ ಹಿಂದೆ ಇದೇ ತಾಲ್ಲೂಕಿನ ತೋಟವೊಂದರ ಬದುವಿನ ಮೇಲೆ ನಿಂತು ನಾನು ಹಳೆಯ ಕ್ರಯಪತ್ರವೊಂದರ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯ ವಿವರ) ಓದುತ್ತಿದ್ದೆ. "ಪಶ್ಚಿಮಕ್ಕೆ ಕಾಲುವೆ" ಎಂದು ಅದರಲ್ಲಿ ಇತ್ತು. ಕಾಲುವೆ ನಮ್ಮ ಕಾಲಡಿಯಲ್ಲಿರಲಿಲ್ಲ. ನಲವತ್ತು ಹೆಜ್ಜೆ ಆಚೆ, ಬೇರೆಯವರ ಅಡಿಕೆ ಸಾಲುಗಳನ್ನು ದಾಟಿ ಇತ್ತು. ಮಾರುವವರ ತಂದೆ ಆ ಪಟ್ಟಿಯನ್ನು ಎಂದೋ ಕೈಸಾಲಕ್ಕೆ ಭೋಗ್ಯ ಹಾಕಿದ್ದರು, ಭೋಗ್ಯದವರು ಅದರಲ್ಲಿ ಸಸಿ ನೆಟ್ಟು ಇಪ್ಪತ್ತು ವರ್ಷವಾಗಿತ್ತು. ಯಾವ ಕಚೇರಿಯ ಯಾವ ವಹಿಯಲ್ಲೂ ಅದು ಇರಲಿಲ್ಲ. ಅಕ್ಕಪಕ್ಕದ ಹಿಡುವಳಿದಾರರನ್ನು ಮಾತಾಡಿಸದೆ ಜಮೀನು ಕೊಳ್ಳಬಾರದೆಂದು ನಾನು ಒತ್ತಾಯಿಸುವುದು ಇದಕ್ಕಾಗಿ. ಅವರನ್ನೇ ಬಂಡಿ ದಾರಿಯ ವಿಷಯವನ್ನೂ ಕೇಳಿ. ಗ್ರಾಮ ನಕ್ಷೆಯಲ್ಲಿರುವ "ನಕಾಶೆ ಕಂಡ ದಾರಿ"ಯಾದರೆ ಯಾರೂ ತಡೆಯಲಾರರು. ನೆರೆಯವರ ಸೌಜನ್ಯದಿಂದ ಬಿಟ್ಟ ದಾರಿಯಾದರೆ ಮಾಲೀಕರು ಬದಲಾದ ದಿನ ಅದಕ್ಕೆ ಮುಳ್ಳು ಬೀಳಬಹುದು.

ಚನ್ನಗಿರಿ ಸೀಮೆಯ ತೋಟಕ್ಕೆ ನೀವು ಕೊಡುವ ಬೆಲೆಯಲ್ಲಿ ಹೆಚ್ಚಿನ ಪಾಲು ನೀರಿನ ಬೆಲೆ. "ನಾಲೆ ನೀರೂ ಬರುತ್ತದೆ" ಎಂದು ಯಾರಾದರೂ ಹೇಳಿದರೆ, ಸರ್ವೆ ನಂಬರು ಭದ್ರಾ ಅಥವಾ ಸೂಳೆಕೆರೆಯ ಅಚ್ಚುಕಟ್ಟಿನ ಪಟ್ಟಿಯಲ್ಲಿದೆಯೇ ಎಂದು ನೀರಾವರಿ ಕಚೇರಿಯಲ್ಲಿ ಕೇಳಿ. ಪಟ್ಟಿಯಲ್ಲಿದ್ದರೂ ಮಳೆ ಕೈಕೊಟ್ಟ ವರ್ಷ ಬೇಸಿಗೆಗೆ ನಾಲೆಯಲ್ಲಿ ನೀರು ಬರುವುದು ಖಚಿತವಿಲ್ಲ, ಕೊನೆಭಾಗದವರಿಗೆ ಒಳ್ಳೆಯ ವರ್ಷದಲ್ಲೂ ಖಚಿತವಿಲ್ಲ. ನಿಮ್ಮ ಆಸರೆ ಕೊಳವೆಬಾವಿಯೇ. ಅದನ್ನು ನೋಡಲು ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಹೋಗಿ. ಇಲ್ಲಿ ಎಲ್ಲರೂ ಒಂದಿಂಚು, ಎರಡಿಂಚು ಎಂದು ನೀರನ್ನು ಹೇಳುತ್ತಾರೆ. ನೀವು 200 ಲೀಟರಿನ ಡ್ರಮ್ಮನ್ನು ಪೈಪಿನ ಕೆಳಗಿಟ್ಟು ಗಡಿಯಾರ ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ, ಅಂದರೆ ಎರಡೂವರೆ ಎಕರೆಗೆ 1,350. ಫಸಲಿಗೆ ಬಂದ ಮರಕ್ಕೆ ಹನಿ ನೀರಾವರಿಯಲ್ಲಿ ಬೇಸಿಗೆಯ ದಿನಕ್ಕೆ 20 ಲೀಟರ್ ಎಂದು ಹಿಡಿದರೆ 27,000 ಲೀಟರ್ ಬೇಕು. ಮೂರು ಫೇಸ್ ವಿದ್ಯುತ್ತು ಏಳು ಗಂಟೆ ಸಿಗುವುದಾದರೆ ಗಂಟೆಗೆ 3,900 ಲೀಟರ್ ಎತ್ತಬೇಕು, ಅಂದರೆ ಡ್ರಮ್ಮು ಮೂರು ನಿಮಿಷದೊಳಗೆ ತುಂಬಬೇಕು. ಮೋಟಾರು ಹಾಕಿದ ಮೊದಲ ಹತ್ತು ನಿಮಿಷದ ಅಳತೆ ನಂಬುವಂಥದ್ದಲ್ಲ. ಮೂರು ಗಂಟೆ ಓಡಿದ ಮೇಲೆ ಮತ್ತೆ ಅಳೆಯಿರಿ. ಕೊಳವೆಬಾವಿ ಯಾರ ಸರ್ವೆ ನಂಬರಿನಲ್ಲಿದೆ, ಅದರಲ್ಲಿ ಅಣ್ಣತಮ್ಮಂದಿರ ಪಾಲಿದೆಯೇ, ವಿದ್ಯುತ್ ಕಂಪನಿ ಬೆಸ್ಕಾಂನ ಆರ್.ಆರ್. ನಂಬರು (ಪಂಪ್‌ಸೆಟ್ಟಿನ ಸಂಪರ್ಕ ಸಂಖ್ಯೆ) ಯಾರ ಹೆಸರಿನಲ್ಲಿದೆ ಎಂಬ ಮೂರೂ ಪ್ರಶ್ನೆಗೆ ಉತ್ತರ ಬೇಕು. ಹೊಸ ಕೊಳವೆಬಾವಿ ಕೊರೆಸಿಕೊಂಡರಾಯಿತು ಎಂಬ ಧೈರ್ಯದಿಂದ ಕೊಳ್ಳಬೇಡಿ. ಅಂತರ್ಜಲ ಬರಿದಾದ ಅಧಿಸೂಚಿತ ತಾಲ್ಲೂಕುಗಳಲ್ಲಿ ಅದಕ್ಕೆ ಅನುಮತಿ ಬೇಕು, ಅನುಮತಿ ಸಿಕ್ಕರೂ ನೀರು ಸಿಗುವ ಭರವಸೆಯಿಲ್ಲ.

ಮರಗಳನ್ನು ಸಾಲು ಸಾಲಾಗಿ ನಡೆದು ಎಣಿಸಿ. ಬುಡದಲ್ಲಿ ಕಂದು ಅಂಟು ಒಸರಿ, ಕೆಳಗಿನ ಸೋಗೆಗಳು ಬಾಡಿ ಜೋತಿದ್ದರೆ ಅಣಬೆ ರೋಗವಿರಬಹುದು. ಬಯಲುಸೀಮೆಯ ತೋಟಗಳಿಗೆ ಅದು ಮಣ್ಣಿನ ಮೂಲಕ ಹಬ್ಬುವ ಪಿಡುಗು, ಸತ್ತ ಮರ ಕಿತ್ತು ಅದೇ ಗುಂಡಿಯಲ್ಲಿ ಸಸಿ ನೆಟ್ಟರೆ ಅದಕ್ಕೂ ತಗಲುತ್ತದೆ. ಇಳುವರಿಯ ಬಗ್ಗೆ ಬಾಯಿಮಾತಿಗಿಂತ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್‌ಕೋಸ್‌ನಲ್ಲೋ ಮಂಡಿಯಲ್ಲೋ ರಾಶಿ ಅಡಿಕೆ ಮಾರಿದ ಮೂರು ವರ್ಷದ ಬಿಲ್ಲುಗಳನ್ನು ಕೇಳಿ. ಈ ಸಾಲಿನ ಫಸಲನ್ನು ಖೇಣಿಗೆ (ಮರದ ಮೇಲಿರುವಾಗಲೇ ಗುತ್ತಿಗೆಗೆ) ಕೊಟ್ಟಿದ್ದಾರೆಯೇ ಎಂದೂ ಕೇಳಿ. ಖೇಣಿದಾರರು ಮುಂಗಡ ಕೊಟ್ಟಿದ್ದರೆ ಕ್ರಯವಾದ ಮೇಲೂ ಕೊಯ್ಲಿಗೆ ಅವರೇ ಬರುತ್ತಾರೆ, ಆ ಹಣ ನಿಮಗೆ ಸೇರಬೇಕೋ ಮಾರುವವರಿಗೋ ಎಂಬುದು ಕರಾರಿನಲ್ಲಿರಬೇಕು. ಪುಷ್ಕರಣಿಯ ಬಳಿಯ ಮನೆ ಕೈಬಿಟ್ಟು ತೋಟದಲ್ಲಿಯೇ ಮನೆ ಕಟ್ಟುವ ಯೋಚನೆ ಬಂದರೆ, ಸ್ವಂತ ಬಳಕೆಯ ತೋಟದ ಮನೆಗೆ ಹಿಡುವಳಿಯ ಹತ್ತನೇ ಒಂದು ಭಾಗದ ಮಿತಿಯೊಳಗೆ ಭೂಪರಿವರ್ತನೆಯಿಲ್ಲದೆ ಅವಕಾಶವಿದೆ.

ಮುಂಗಡದ ಪ್ರಶ್ನೆಗೆ ನನ್ನ ಉತ್ತರ ಇದು. ಪೌತಿ ಖಾತೆಯಾಗುವವರೆಗೆ ಏನನ್ನೂ ಕೊಡಬೇಡಿ. ಆದ ಮೇಲೆ ಎಲ್ಲ ವಾರಸುದಾರರೂ ಸಹಿ ಹಾಕಿದ ನೋಂದಾಯಿತ ಕರಾರಿನ ಮೇಲೆ ಬೆಲೆಯ ಹತ್ತರಲ್ಲೊಂದು ಭಾಗ ಮೀರದಂತೆ, ಬ್ಯಾಂಕಿನ ಮೂಲಕವೇ ಕೊಡಿ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕ್ರಯಪತ್ರಕ್ಕೆ ಮೊದಲು ಎರಡು ಕನ್ನಡ ದಿನಪತ್ರಿಕೆಗಳಲ್ಲಿ ಆಕ್ಷೇಪಣೆ ಕರೆದು ಹದಿನೈದು ದಿನ ಕಾಯಿರಿ. ನೋಂದಣಿಯ ಖರ್ಚನ್ನೂ ಲೆಕ್ಕದಲ್ಲಿಡಿ: ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಗ್ರಾಮೀಣ ಅಧಿಭಾರ ಸೇರಿ ಶೇ 5.65; 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಹೀಗೆ ಪ್ರತಿ 10 ಲಕ್ಷಕ್ಕೆ 76,500 ರೂಪಾಯಿ ಆಗುತ್ತದೆ. ಇದನ್ನು ಉಳಿಸಲೆಂದು ಪತ್ರದಲ್ಲಿ ಬೆಲೆ ಇಳಿಸಿ ಬರೆಸಬೇಡಿ. ಮುಂದೆ ವ್ಯಾಜ್ಯವಾದರೆ ನೀವು ಕೊಟ್ಟದ್ದಕ್ಕೆ ಸಾಕ್ಷಿ ಪತ್ರದಲ್ಲಿ ಬರೆದಷ್ಟೇ. ನೀವು ಸರ್ಕಾರಿ ನೌಕರರಾದ್ದರಿಂದ ಕೊಳ್ಳುವ ಮುನ್ನ ಇಲಾಖೆಗೆ ತಿಳಿಸಿ, ಹಣದ ಮೂಲದ ವಿವರವನ್ನು ಇಟ್ಟುಕೊಳ್ಳಿ.

ಮೊದಲ ಹೆಜ್ಜೆಯಾಗಿ ಈ ವಾರವೇ ಪಹಣಿ, ಮ್ಯುಟೇಷನ್ ನಕಲು, ವಂಶವೃಕ್ಷ ಇವಿಷ್ಟನ್ನು ತೆಗೆಸಿ. ಮನೆ ಸ್ಮಾರಕದ ಗಡಿಯಿಂದ ಎಷ್ಟು ಮೀಟರಿನಲ್ಲಿದೆ ಎಂದು ಪುರಾತತ್ವ ಇಲಾಖೆಗೆ ಬರೆದು ಕೇಳಿ. ಆ ಇಬ್ಬರು ಹೆಣ್ಣುಮಕ್ಕಳನ್ನು ಅವರ ಮನೆಗಳಲ್ಲಿಯೇ, ಅಣ್ಣತಮ್ಮಂದಿರು ಎದುರಿಗಿಲ್ಲದಾಗ, ನೀವೇ ಹೋಗಿ ಕಂಡು ಮಾತಾಡಿ. ನೋಂದಣಿಯಾದ ಮೇಲೆ ಮ್ಯುಟೇಷನ್ ಮುಗಿದು ಪಹಣಿಯ 9ನೇ ಅಂಕಣದಲ್ಲಿ ನಿಮ್ಮ ಹೆಸರು ಬಂದಿರುವುದನ್ನು ನೋಡಿ, ಅದೇ ಪಹಣಿಯನ್ನು ಕೊಟ್ಟು ಬೆಸ್ಕಾಂನಲ್ಲಿ ಪಂಪ್‌ಸೆಟ್ಟಿನ ಆರ್.ಆರ್. ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.